ಹನ್ನೆರಡು ತಟ್ಟೆಗಳ ಕಾವಲುಗಾತಿ

ಬೆಳಗಿನ ಆರಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಕೆಳಗೆ ಸಾಲೆ ನದಿಯ ಮೇಲೆ ಮಂಜು ಕೂತಿದೆ. ಗುಡ್ಡದ ಮೇಲಿನ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಒಂದು ಕೋಣೆ ಎಚ್ಚರವಾಗಿದೆ. ಅಲ್ಲಿ ಗುಡ್ರುನ್ ನೆಬೆಲುಂಗ್ ಕೋಳಿಮೊಟ್ಟೆಯೊಂದನ್ನು ಪುಟ್ಟ ದೀಪದ ಬಾಯಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ಚಿಪ್ಪಿನೊಳಗೆ ಕೆಂಪು ಎಳೆಗಳ ಬಲೆ, ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಅಲುಗಿದರೆ ಜೀವ ಇದೆ. ಅಲುಗದಿದ್ದರೆ ಬಕೆಟ್ಟಿಗೆ. ಒಂದು ಮೊಟ್ಟೆಗೆ ಎರಡು ಸೆಕೆಂಡು. ವಾರಕ್ಕೆ ನೂರಿಪ್ಪತ್ತು ಮೊಟ್ಟೆ. ಅರವತ್ತೊಂದರ ಈ ಹೆಂಗಸು ಮೂವತ್ತೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ, ಮೂವತ್ತೊಂದು ವರ್ಷದಿಂದ ಐದೂ ಹನ್ನೆರಡರ ಬಸ್ಸನ್ನೇ ಹಿಡಿಯುತ್ತಿದ್ದಾರೆ.

ಇವತ್ತು ಅವರ ಮನಸ್ಸು ಮೊಟ್ಟೆಯ ಮೇಲಿಲ್ಲ. ಕೊನೆಯ ಮೊಟ್ಟೆ ಇಟ್ಟವರೇ ಪಕ್ಕದ ಕೋಣೆಗೆ ನಡೆಯುತ್ತಾರೆ. ಅಲ್ಲಿ ಎದೆಯೆತ್ತರದ ಕಾವುಪೆಟ್ಟಿಗೆಯೊಂದಿದೆ. ಬಾಗಿಲು ತೆಗೆದರೆ ಬೆಚ್ಚನೆ ಹಬೆ ಕನ್ನಡಕಕ್ಕೆ ಬಡಿಯುತ್ತದೆ. ಒಳಗೆ ಬಿಳಿ ಟ್ರೇ ಮೇಲೆ ಮುಚ್ಚಳದ ಹನ್ನೆರಡು ತಟ್ಟೆಗಳು, ಒಂದೊಂದೂ ಅಂಗೈ ಗುಳಿಯಲ್ಲಿ ಕೂರುವಷ್ಟು ಚಿಕ್ಕದು. ನಿನ್ನೆ ಸಂಜೆ ಮನೆಗೆ ಹೊರಡುವ ಮುಂಚೆ ಗುಡ್ರುನ್ ಪ್ರತಿ ತಟ್ಟೆಯ ಸುತ್ತಲೂ ಟ್ರೇ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಯಾರಿಗೂ ಹೇಳಿರಲಿಲ್ಲ. ಈಗ ನಾಲ್ಕನೆಯ ತಟ್ಟೆ ಗೆರೆ ದಾಟಿ ಕೂತಿದೆ. ಒಂಬತ್ತನೆಯದೂ ಅಷ್ಟೆ. ಒಂದೊಂದನ್ನೇ ಎತ್ತಿ, ತಳ ನೋಡಿ, ಮತ್ತೆ ಗೆರೆಯೊಳಗೆ ಕೂರಿಸುತ್ತಾರೆ.

"ಯಾರೋ ಮುಟ್ಟಿದ್ದಾರೆ," ಅನ್ನುತ್ತಾರೆ, ಬಾಗಿಲು ಒತ್ತಿ ಹಾಕುತ್ತಾ. "ಎಡಗೈಯೋರು. ಬಲಗೈಲಿ ಇಟ್ಟಿದ್ರೆ ಈ ಕಡೆ ಸರೀತಿರ್ಲಿಲ್ಲ."

ಈ ಮಹಡಿಯಲ್ಲಿ ಎಡಗೈಯವನು ಒಬ್ಬನೇ. ಹೆಸರು ಟಿಲ್‌ಮಾನ್ ಗ್ರಾಬೊ. ಡಾಕ್ಟರೇಟು ಪಡೆದವನು, ನಲವತ್ತರ ಹತ್ತಿರ ಹತ್ತಿರ. ಒಂಬತ್ತು ವರ್ಷ ಒಂದೇ ಕಾರಿಡಾರಿನಲ್ಲಿ ಓಡಾಡಿದರೂ ಆತ ಇನ್ನೂ ಶ್ರೀಮತಿ ಸೇರಿಸಿ 'ಫ್ರಾವ್ ನೆಬೆಲುಂಗ್, ನೀವು' ಅನ್ನುತ್ತಾನೆ, ಇವರು ಇನ್ನೂ 'ಡಾಕ್ಟರ್ ಗ್ರಾಬೊ, ನೀವು' ಅನ್ನುತ್ತಾರೆ. ಫೆಬ್ರವರಿ ಇಪ್ಪತ್ತೆಂಟರ ಶುಕ್ರವಾರ ಈ ಕೋಣೆ ಗುಡ್ರುನ್ ಅವರ ಕೈಯಿಂದ ಹೋಗಿ ಟಿಲ್‌ಮಾನ್ ಕೈಗೆ ಬರಲಿದೆ. ಗುಡ್ರುನ್ ನೆಲಮಾಳಿಗೆಗೆ ಇಳಿಯಬೇಕು, ಉಳಿದ ಮೂರ್ನಾಲ್ಕು ವರ್ಷದ ನೌಕರಿಯನ್ನು ಗಾಜಿನ ಸಾಮಾನು ತೊಳೆಯುವ ಯಂತ್ರದ ಮುಂದೆ ಮುಗಿಸಬೇಕು. ಆ ಶುಕ್ರವಾರಕ್ಕೆ ಇನ್ನು ಒಂಬತ್ತೇ ದಿನ.

ಯಾಕೆ ಅಂತ ಕೇಳಿದರೆ ಎಲ್ಲರೂ ಆ ತಟ್ಟೆಗಳ ಕಡೆ ಬೊಟ್ಟು ಮಾಡುತ್ತಾರೆ.

ತಟ್ಟೆಯೊಳಗೆ ನಡೆಯುವುದು ಇಷ್ಟು. ನೀವು ಈ ಹಾಳೆ ತಿರುಗಿಸಲು ಬೆರಳು ಮಡಚುತ್ತೀರಲ್ಲ, ಅದಕ್ಕೆ ಬೆನ್ನುಹುರಿಯಿಂದ ಒಂದು ನರ ಬಂದು ಸ್ನಾಯುವಿಗೆ ಹೇಳಬೇಕು. ಹುಟ್ಟುವ ಮುಂಚೆ ಇವೆರಡಕ್ಕೂ ಪರಿಚಯವೇ ಇರುವುದಿಲ್ಲ. ಸ್ನಾಯು ತನ್ನ ಪಾಡಿಗೆ ಒಂದು ಕಡೆ ಬೆಳೆಯುತ್ತಿರುತ್ತದೆ. ನರ ದೂರದಿಂದ ಹೊರಟು, ತುದಿಯಲ್ಲಿ ಕುರುಡರ ಬೆರಳಿನ ಹಾಗೆ ತಡವಿಕೊಂಡು ಬರುತ್ತದೆ. ಸ್ನಾಯುವಿನ ಮೈತುಂಬ ಕಿವಿಗಳಿವೆ ಅಂದುಕೊಳ್ಳಿ, ಎಲ್ಲೆಂದರಲ್ಲಿ ಚೆಲ್ಲಿಕೊಂಡಿರುವ ಕಿವಿಗಳು. ನರ ಬಂದು ಒಂದು ಜಾಗ ಮುಟ್ಟಿತೋ, ಕಿವಿಗಳೆಲ್ಲ ಆ ಜಾಗಕ್ಕೆ ಬಂದು ಗುಂಪುಗಟ್ಟುತ್ತವೆ. ಸ್ನಾಯು ಮೊದಲೇ ಜಾಗ ಮಾಡಿಟ್ಟು ಕಾಯುತ್ತದೋ, ನರ ಬಂದ ಮೇಲೆ ಮಾಡಿಕೊಡುತ್ತದೋ ಅಂತ ಈ ವಿದ್ಯೆಯವರು ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಒಂದು ಸ್ನಾಯುವಿನ ಎಳೆಗೆ ಮೊದಮೊದಲು ನಾಲ್ಕಾರು ನರಗಳು ಬಂದು ಅಂಟಿಕೊಳ್ಳುತ್ತವೆ, ಕೊನೆಗೆ ಒಂದು ಮಾತ್ರ ಉಳಿದು ಮಿಕ್ಕವು ಹಿಂದೆ ಸರಿಯುತ್ತವೆ. ತಾಯಿಯ ಹೊಟ್ಟೆಯಲ್ಲಿ ಏಳೆಂಟು ವಾರದ ಕೂಸು ಮೊದಲ ಸಲ ಕೊಸರುವುದು ಈ ಮುಟ್ಟುವಿಕೆಯಿಂದಲೇ.

ಇದನ್ನೆಲ್ಲ ಕಣ್ಣಾರೆ ನೋಡಬೇಕಾದರೆ ತಟ್ಟೆಯಲ್ಲಿ ಆಗಿಸಬೇಕು. ಆಗಿಸುವವರು ಗುಡ್ರುನ್. ಹನ್ನೊಂದು ದಿನದ ಮೊಟ್ಟೆಯ ಮರಿಯ ತೊಡೆಯಿಂದ ಸ್ನಾಯುವಿನ ಕೋಶಗಳನ್ನು ತೆಗೆದು ತಟ್ಟೆಯಲ್ಲಿ ಬಿತ್ತುತ್ತಾರೆ. ಮೂರು ದಿನದಲ್ಲಿ ಅವು ಸಾಲಾಗಿ ನಿಂತು, ಒಂದರೊಳಗೊಂದು ಸೇರಿ ಉದ್ದುದ್ದ ಎಳೆಗಳಾಗುತ್ತವೆ. ಆಮೇಲೆ ಮಂಗಳವಾರ ಬೆಳಗ್ಗೆ, ಆರು ದಿನದ ಮರಿಯ ಬೆನ್ನುಹುರಿಯನ್ನು ಸಾಸಿವೆಗಿಂತ ಸಣ್ಣಗೆ ಕತ್ತರಿಸಿ, ಒಂದೊಂದು ಚೂರನ್ನು ಒಂದೊಂದು ತಟ್ಟೆಯಲ್ಲಿ ಇಳಿಸುತ್ತಾರೆ. ಚೂರಿನಿಂದ ನರಗಳು ಹೊರಟು ತೆವಳುತ್ತವೆ. ಮೂರನೆಯ ದಿನಕ್ಕೆ, ಎಲ್ಲ ಸರಿಯಿದ್ದರೆ, ಸತ್ತಂತೆ ಬಿದ್ದಿದ್ದ ಎಳೆ ಪಟಕ್ಕನೆ ಮಿಡಿಯುತ್ತದೆ.

ಡಿಸೆಂಬರಿನಿಂದ ಒಂದೂ ಮಿಡಿದಿಲ್ಲ. ಒಂಬತ್ತು ವಾರ, ವಾರಕ್ಕೆ ಹನ್ನೆರಡರಂತೆ ನೂರೆಂಟು ತಟ್ಟೆ, ನೂರೆಂಟೂ ಸತ್ತ ತಟ್ಟೆ.

ಈ ಸಂಸ್ಥೆಯ ಮೆಟ್ಟಿಲಿನ ಗೋಡೆಗೆ ಹನ್ನೊಂದು ಜನ ವಿಜ್ಞಾನಿಗಳ ಚಿತ್ರ ತೂಗುಹಾಕಿದ್ದಾರೆ. ಎಲ್ಲರ ಕೊರಳಲ್ಲೂ ಟೈ. ಕೆಲಸ ಚೆನ್ನಾಗಿ ನಡೆದಾಗ ಅದು ಆ ಚಿತ್ರದಲ್ಲಿರುವವರ ಬುದ್ಧಿ. ಕೆಟ್ಟಾಗ ಮಾತ್ರ ಅದಕ್ಕೆ ಕೈ ಬರುತ್ತದೆ, ಆ ಕೈಗೆ ಹೆಸರು ಬರುತ್ತದೆ, ಹೆಸರಿಗೆ ವಯಸ್ಸು ಬರುತ್ತದೆ. ಗುಡ್ರುನ್ ತಯಾರಿಸಿದ ತಟ್ಟೆಗಳಿಂದ ಎಪ್ಪತ್ತಕ್ಕೂ ಹೆಚ್ಚು ಲೇಖನ ಅಚ್ಚಾಗಿವೆ. ಒಂದರಲ್ಲೂ ಅವರ ಹೆಸರಿಲ್ಲ. ಈ ಒಂಬತ್ತು ವಾರದಲ್ಲಿ ಮಾತ್ರ ಅವರ ಹೆಸರು ಪ್ರತಿ ಸಭೆಯಲ್ಲೂ ಬಂದಿದೆ.

ಗುಮಾನಿ ಮೊದಲು ಬಿದ್ದದ್ದು ಮೊಟ್ಟೆಯ ಮೇಲೆ, ಅಂದರೆ ಎಗೋನ್ ಮೇಲೆ. ಎಗೋನ್ ಇಪ್ಪತ್ತೈದು ಮೈಲಿ ಆಚೆಯ ಹಳ್ಳಿಯಲ್ಲಿ ಕೋಳಿ ಸಾಕುತ್ತಾನೆ, ಸೋಮವಾರ ಸೋಮವಾರ ವ್ಯಾನಿನಲ್ಲಿ ಮೊಟ್ಟೆ ತರುತ್ತಾನೆ. ಡಿಸೆಂಬರಿನಲ್ಲಿ ಒಂದು ದಿನ ಹೆದ್ದಾರಿಯಲ್ಲಿ ಹಿಮ ಬಿದ್ದು ವ್ಯಾನು ಎರಡು ಗಂಟೆ ನಿಂತಿತ್ತು, ಮೊಟ್ಟೆ ತಣ್ಣಗಾಗಿದ್ದವು. ಅದನ್ನು ಅವನು ಅವತ್ತೇ ಬಾಗಿಲಲ್ಲಿ ನಿಂತು ಹೇಳಿದ್ದ. ಆ ವಾರದ ತಟ್ಟೆಗಳು ಸತ್ತಿದ್ದು ಯಾರಿಗೂ ಆಶ್ಚರ್ಯ ತರಲಿಲ್ಲ. ಅದರ ಮುಂದಿನ ವಾರವೂ ಸತ್ತಾಗ ಎಲ್ಲರ ಹುಬ್ಬು ಗಂಟಾಯಿತು. ಟಿಲ್‌ಮಾನ್ ಹೋಗಿ ಎಗೋನನ ಕೋಳಿಗೂಡಿನ ಉಷ್ಣತೆ ಅಳೆದುಕೊಂಡು ಬಂದ.

ಈ ಸೋಮವಾರ ಎಗೋನ್ ಪೆಟ್ಟಿಗೆ ಇಳಿಸುತ್ತಾ ಕೇಳಿದ್ದು, "ಏನಮ್ಮ ಕೋಳಿತಾಯಿ, ಇವತ್ತು ನನ್ನ ಜೇಬೂ ತಡಕ್ತಾರಾ?"

"ನಿನ್ನ ಜೇಬಲ್ಲಿ ಏನಿದೆ ಮಾರಾಯ, ತೂತು ಬಿಟ್ರೆ."

"ನನ್ನ ಮೊಟ್ಟೆ ಬೇರೆಯೋರ ಮನೇಲೆಲ್ಲ ಮರಿ ಆಗ್ತಾವೆ. ನಿಮ್ಮಲ್ಲಿ ಮಾತ್ರ ಆಗಲ್ಲ. ನಿಮ್ಮೋರು ಮೊಟ್ಟೇನ ಹೆದರಿಸ್ತಾರೆ ಅನ್ಸುತ್ತೆ."

ಗುಡ್ರುನ್ ನಗಲಿಲ್ಲ. ಬೆಣ್ಣೆ ಹಚ್ಚಿದ ಕಪ್ಪು ಬ್ರೆಡ್ಡಿನ ಒಂದು ತುಂಡು ಅವನ ಕೈಗಿಟ್ಟು ಕಳಿಸಿದರು.

ಮೊಟ್ಟೆಯಾದ ಮೇಲೆ ನೀರಿನ ಮೇಲೆ ಗುಮಾನಿ. ನೀರು ಬದಲಾಯಿಸಿದರು. ಆಮೇಲೆ ಗುಡ್ರುನ್ ಎಳೆ ಮರಿಗಳಿಂದ ತಾವೇ ಹಿಂಡಿ ತೆಗೆಯುವ ಪೋಷಕ ರಸದ ಮೇಲೆ. ಅದನ್ನೂ ಪರೀಕ್ಷೆಗೆ ಕಳಿಸಿದರು, ಸರಿಯಾಗಿದೆ ಅಂತ ಬಂತು. ಉಳಿದದ್ದು ಕೈ. ಕಾಫಿ ಲೋಟ ಹಿಡಿದಾಗ ಗುಡ್ರುನ್ ಅವರ ಬಲಗೈ ಹೆಬ್ಬೆರಳು ತುಸು ನಡುಗುವುದನ್ನು ಯಾರೋ ಗಮನಿಸಿದ್ದಾರೆ. ಯಾರು ಅಂತ ಗುಡ್ರುನ್ ಅವರಿಗೆ ಗೊತ್ತಿಲ್ಲ, ಆದರೆ ಲೋಟ ಕೆಳಗಿಟ್ಟ ಮೇಲೆ ಆ ಹೆಬ್ಬೆರಳು ಚಿಮಟ ಹಿಡಿದಾಗ ಕಲ್ಲಿನಂತೆ ನಿಲ್ಲುವುದನ್ನು ಗಮನಿಸಲು ಯಾರೂ ಬರಲಿಲ್ಲ. ವಿಭಾಗದ ಮುಖ್ಯಸ್ಥೆ ಪ್ರೊಫೆಸರ್ ಹೈಡೆನ್‌ರೈಶ್ ಜನವರಿ ಕೊನೆಗೆ ಅವರನ್ನು ಕರೆಸಿ, ಕುರ್ಚಿ ತೋರಿಸಿ, ಎರಡು ಸಲ ಥ್ಯಾಂಕ್ಸ್ ಹೇಳಿ, ನೆಲಮಾಳಿಗೆಯ ವಿಷಯ ತಿಳಿಸಿದರು. ಇನ್ನು ಮುಂದೆ ಸಿದ್ಧ ಕೋಶಗಳನ್ನೇ ತರಿಸುವುದಂತೆ. ಟಿಲ್‌ಮಾನ್ ನೋಡಿಕೊಳ್ಳುತ್ತಾನಂತೆ.

ಅವತ್ತೇ ಗುಡ್ರುನ್ ಪೆನ್ಸಿಲು ಕೈಗೆ ತೆಗೆದುಕೊಂಡದ್ದು.

ಅನುಮಾನ ಅವರಿಗೆ ಹೊಸ ಕಸುಬಲ್ಲ. ಹತ್ತನೇ ತರಗತಿ ಮುಗಿಸಿ, ಹದಿನಾರಕ್ಕೆ ಲಸಿಕೆ ತಯಾರಿಸುವ ಸರ್ಕಾರಿ ಕಾರ್ಖಾನೆ ಸೇರಿದವರು. ಅಲ್ಲಿ ದಿನಕ್ಕೆ ಆರುನೂರು ಮೊಟ್ಟೆ, ಪ್ರತಿ ಮೊಟ್ಟೆಗೂ ಸೂಜಿಮೊನೆಯಷ್ಟು ತೂತು. ಆ ದೇಶ ಈಗ ಇಲ್ಲ, ಪಕ್ಕದ ದೇಶದೊಳಗೆ ಸೇರಿಹೋಯಿತು. ಆ ಕಾಲದಲ್ಲಿ ಊಟದ ಬಿಡುವಿನಲ್ಲಿ ಮೇಲಿನವರ ಬಗ್ಗೆ ಇವರು ಹೇಳಿದ ಒಂದು ತಮಾಷೆ ಮೂರೇ ದಿನಕ್ಕೆ ಮ್ಯಾನೇಜರನ ಮೇಜಿನ ಮೇಲೆ ಹಾಳೆಯಾಗಿ ಬಂದಿತ್ತು. ಬರೆದು ಕೊಟ್ಟವಳು ಪಕ್ಕದ ಸ್ಟೂಲಿನವಳು, ಇವರ ಮದುವೆಗೆ ಕೇಕು ಮಾಡಿದ್ದವಳು. ಕಾರ್ಖಾನೆ ಮುಚ್ಚಿ, ದೇಶ ಮುಚ್ಚಿ, ಈ ಗುಡ್ಡದ ಮೇಲೆ ಕೆಲಸಕ್ಕೆ ಬಂದಾಗ ಗುಡ್ರುನ್ ಮೂವತ್ತರವರು.

"ನಂಬಬಾರ್ದು ಅಂತಲ್ಲ," ಅನ್ನುತ್ತಾರೆ. "ನಂಬಿ ಆದ್ಮೇಲೂ ಒಂದ್ಸಲ ನೋಡ್ಬೇಕು."

ಹಾಗಾಗಿ ಇವತ್ತು, ಈ ಬುಧವಾರ, ಅವರು ನೋಡುತ್ತಾರೆ. ಕಾವುಪೆಟ್ಟಿಗೆಯ ಎದುರಿನ ತೂಕದ ಕೋಣೆಯಲ್ಲಿ ಗಾಜಿನ ನಳಿಗೆಗಳ ರಾಶಿ ಹಾಕಿಕೊಂಡು, ಒರೆಸುವ ನೆಪದಲ್ಲಿ, ಬಾಗಿಲು ಒಂದು ಗೇಣು ತೆರೆದಿಟ್ಟು ಕೂರುತ್ತಾರೆ. ತೊಡೆಯ ಮೇಲೆ ಕಿರಾಣಿ ಚೀಟಿಯಷ್ಟು ಚಿಕ್ಕ ನೋಟ್‌ಬುಕ್.

ಎಂಟೂವರೆಗೆ ವೀಬ್ಕೆ ಬರುತ್ತಾಳೆ. ಪಿಎಚ್‌ಡಿ ಮಾಡುತ್ತಿರುವ ಹುಡುಗಿ, ಮೂರನೆಯ ವರ್ಷ. ತಟ್ಟೆಗಳು ಮಿಡಿಯದಿದ್ದರೆ ಅವಳ ಪದವಿಯೂ ಇಲ್ಲ. ಬಾಗಿಲು ತೆಗೆದು, ಒಂದು ತಟ್ಟೆಯನ್ನು ಮೈಕ್ರೋಸ್ಕೋಪಿಗೆ ಒಯ್ದು, ಅರ್ಧ ನಿಮಿಷ ನೋಡಿ, ಮತ್ತೆ ಇಡುತ್ತಾಳೆ. ಒಂಬತ್ತೂಕಾಲಿಗೆ, ಎಲ್ಲರೂ ತಿಂಡಿಗೆ ಹೋದಾಗ, ಮತ್ತೆ ಬರುತ್ತಾಳೆ. ಹತ್ತಕ್ಕೆ ಟಿಲ್‌ಮಾನ್. ಎಡಗೈಯಿಂದ ನಾಲ್ಕನೆಯ ತಟ್ಟೆ ಎತ್ತಿ, ಬೆಳಕಿಗೆ ಹಿಡಿದು, ಒಂದಿಷ್ಟು ವಾಲಿಸಿ, ಇಡುತ್ತಾನೆ. ಗುಡ್ರುನ್ ಕೈಯಲ್ಲಿದ್ದ ಬಟ್ಟೆ ನಿಲ್ಲುತ್ತದೆ. ಹನ್ನೊಂದೂವರೆಗೆ, ಭುಜದ ಮೇಲಿನ ಚೀಲ ಕೂಡ ಇಳಿಸದೆ, ಸಾಕ್ಷಾತ್ ಪ್ರೊಫೆಸರ್ ಹೈಡೆನ್‌ರೈಶ್ ಬಂದು, ಆಚೀಚೆ ನೋಡಿ, ಬಾಗಿಲು ತೆಗೆಯುತ್ತಾರೆ. ಮಧ್ಯಾಹ್ನ ಮತ್ತೆ ಟಿಲ್‌ಮಾನ್, ಮತ್ತೆ ವೀಬ್ಕೆ, ಸಂಜೆಯವರೆಗೂ ಹೀಗೇ ಸರದಿ, ನಡುವೆ ಇನ್ನೊಮ್ಮೆ ಪ್ರೊಫೆಸರ್. ಯಾರೂ ಏನನ್ನೂ ಸುರಿಯುವುದಿಲ್ಲ, ಏನನ್ನೂ ಬದಲಾಯಿಸುವುದಿಲ್ಲ. ಎಲ್ಲರೂ ಕಳ್ಳರ ಹಾಗೆ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ.

ಸಂಜೆ ಆರಕ್ಕೆ ನೋಟ್‌ಬುಕ್ಕಿನಲ್ಲಿ ಹನ್ನೆರಡು ಗೀಟುಗಳಿವೆ. ವೀಬ್ಕೆ ಆರು, ಟಿಲ್‌ಮಾನ್ ನಾಲ್ಕು, ಪ್ರೊಫೆಸರ್ ಎರಡು. ಗುಡ್ರುನ್ ಅದನ್ನು ಹಿಡಿದುಕೊಂಡು ಸೀದಾ ಟಿಲ್‌ಮಾನ್ ಕೋಣೆಗೆ ಹೋಗುತ್ತಾರೆ. ಬಾಗಿಲು ತಟ್ಟುವುದಿಲ್ಲ. ಒಂಬತ್ತು ವರ್ಷದಲ್ಲಿ ಇದೇ ಮೊದಲು.

ಆತ ನೋಟ್‌ಬುಕ್ ನೋಡಿ ಬೆಚ್ಚುವುದಿಲ್ಲ. ಡ್ರಾಯರ್ ಎಳೆದು ಒಂದು ಕಟ್ಟು ಹಾಳೆ ತೆಗೆದು ಮೇಜಿನ ಮೇಲೆ ಹಾಕುತ್ತಾನೆ.

"ನೀವು ನನ್ನ ಮೇಲೆ ಕಣ್ಣಿಟ್ಟಿದ್ದೀರಿ ಅಂತ ಗೊತ್ತಿತ್ತು, ಫ್ರಾವ್ ನೆಬೆಲುಂಗ್. ಪೆನ್ಸಿಲ್ ಗೆರೆ ಯಾರಿಗೂ ಕಾಣಲ್ಲ ಅಂದ್ಕೊಂಡಿದ್ರಾ? ನಾನೂ ನಿಮ್ಮ ಮೇಲೆ ಇಟ್ಟಿದ್ದೆ."

ಕಾವುಪೆಟ್ಟಿಗೆಗೆ ತನ್ನದೇ ನೆನಪಿದೆ. ಬಾಗಿಲು ತೆರೆದಾಗಲೆಲ್ಲ ಹೊತ್ತು ಬರೆದಿಟ್ಟುಕೊಳ್ಳುತ್ತದೆ. ಡಿಸೆಂಬರಿನಿಂದ ಈ ಸಂಜೆಯವರೆಗಿನ ಪಟ್ಟಿಯನ್ನು ಟಿಲ್‌ಮಾನ್ ಮುದ್ರಿಸಿ ಇಟ್ಟುಕೊಂಡಿದ್ದಾನೆ, ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡು. ಗುಡ್ರುನ್ ಇವತ್ತಿನ ಸಾಲು ಹುಡುಕುತ್ತಾರೆ. ಅಲ್ಲಿ ಹದಿನೇಳು ಅಂತ ಇದೆ.

"ನನ್ನ ಪುಸ್ತಕದಲ್ಲಿ ಹನ್ನೆರಡೇ. ಇನ್ನೈದು ಸಲ ಯಾರು ತೆಗೆದಿದ್ದು?" ಅವರ ದನಿ ಏರುತ್ತದೆ. "ಇನ್ನೊಬ್ಬರಿದ್ದಾರೆ ಹಾಗಾದ್ರೆ."

ಟಿಲ್‌ಮಾನ್ ಪೆನ್ನಿನ ತುದಿಯಿಂದ ಮೊದಲ ಹೊತ್ತನ್ನು ತೋರಿಸುತ್ತಾನೆ. ಬೆಳಗ್ಗೆ ಐದೂ ಐವತ್ತು. ನಿನ್ನೆಯದೂ ಐದೂ ಐವತ್ತರ ಸುಮಾರು. ಮೊನ್ನೆಯದೂ, ಅದರ ಹಿಂದಿನ ಭಾನುವಾರದ್ದು ಕೂಡ. ಆ ಹೊತ್ತಿನಲ್ಲಿ ಗುಡ್ಡದ ಮೇಲೆ ಇರುವವರು ಒಬ್ಬರೇ.

ಗುಡ್ರುನ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಬೆಳಗ್ಗೆ ಗೆರೆ ನೋಡಲು ಒಂದು ಸಲ. ಪ್ರೊಫೆಸರ್ ಮುಟ್ಟಿ ಹೋದ ಮೇಲೆ ಏನು ಮಾಡಿದರೋ ಅಂತ ಒಂದು ಸಲ. ಟಿಲ್‌ಮಾನ್ ವಾಲಿಸಿದ ತಟ್ಟೆ ನೆಟ್ಟಗಿದೆಯೋ ಅಂತ ಎರಡು ಸಲ. ಸಂಜೆ ಹೊಸ ಗೆರೆ ಎಳೆಯಲು ಒಂದು ಸಲ. ನೋಟ್‌ಬುಕ್ಕಿನಲ್ಲಿ ಎಲ್ಲರಿಗೂ ಜಾಗ ಇತ್ತು, ಅವರೊಬ್ಬರಿಗೆ ಇರಲಿಲ್ಲ. ಇದನ್ನು ಹೇಳುವಾಗ ಅವರ ಮುಖ ಕೆಂಪಾಗಿದೆ, ಆದರೆ ಮುಚ್ಚಿಡುವುದಿಲ್ಲ.

"ನವೆಂಬರಿನ ಹಾಳೆ ಇದ್ಯಾ?" ಅಂತಷ್ಟೇ ಕೇಳುತ್ತಾರೆ.

ಅದು ಟಿಲ್‌ಮಾನ್ ಹತ್ತಿರ ಇಲ್ಲ. ಕೆಟ್ಟ ವಾರಗಳದ್ದನ್ನು ಮಾತ್ರ ತೆಗೆದಿದ್ದ, ಚೆನ್ನಾಗಿದ್ದ ವಾರಗಳನ್ನು ನೋಡುವ ಯೋಚನೆ ಬಂದಿರಲಿಲ್ಲ. ಇಬ್ಬರೂ ಎದ್ದು ಹೋಗಿ ಯಂತ್ರದಿಂದ ತೆಗೆಯುತ್ತಾರೆ. ನವೆಂಬರಿನಲ್ಲಿ ಮಂಗಳವಾರ ಬೆಳಗ್ಗೆ ತಟ್ಟೆ ಇಟ್ಟು ಬಾಗಿಲು ಹಾಕಿದರೆ ಮತ್ತೆ ತೆಗೆದದ್ದು ಶುಕ್ರವಾರ. ನಡುವೆ ಒಂದು ಸಲವೂ ಇಲ್ಲ. ಆಗ ಯಾರಿಗೂ ಯಾರ ಮೇಲೂ ಅನುಮಾನ ಇರಲಿಲ್ಲ, ಹಾಗಾಗಿ ಯಾರಿಗೂ ನೋಡುವ ಆತುರವೂ ಇರಲಿಲ್ಲ.

ಇಷ್ಟೇ ನಡೆದದ್ದು. ಬೆನ್ನುಹುರಿಯ ಚೂರು ತಟ್ಟೆಯಲ್ಲಿ ಇಳಿದ ಮೊದಲ ದಿನ ಎಲ್ಲೂ ಅಂಟಿರುವುದಿಲ್ಲ, ನೀರಿನಲ್ಲಿ ಕೂತ ಹತ್ತಿಯ ಚೂರಿನ ಹಾಗೆ ಇರುತ್ತದೆ. ಎರಡನೆಯ ದಿನ ಅದರಿಂದ ಹೊರಟ ನರಗಳು ಜೇಡರ ಎಳೆಗಿಂತ ತೆಳುವು. ತಟ್ಟೆ ಎತ್ತಿದರೆ ಒಳಗಿನ ದ್ರವ ತುಳುಕುತ್ತದೆ, ಎಳೆ ಕಿತ್ತುಬರುತ್ತದೆ, ಕಾವು ಇಳಿಯುತ್ತದೆ. ಒಂದು ಸಲ ಎತ್ತಿದರೆ ಬದುಕೀತು. ದಿನಕ್ಕೆ ಹದಿನೇಳು ಸಲ ಬಾಗಿಲು ತೆಗೆದರೆ ಯಾವ ನರ ಯಾವ ಸ್ನಾಯುವನ್ನು ಮುಟ್ಟೀತು? ಡಿಸೆಂಬರಿನಲ್ಲಿ ಹಿಮ ಬಿದ್ದು ಒಂದು ವಾರ ಕೆಟ್ಟಿತು. ಮುಂದಿನ ವಾರ ಎಲ್ಲರೂ ಒಂದು ಸಲ ಇಣುಕಿದರು, ಅದಕ್ಕೇ ಅದೂ ಕೆಟ್ಟಿತು. ಕೆಟ್ಟಷ್ಟೂ ಇಣುಕಿದರು. ನೋಡುವುದನ್ನೇ ಉಸಿರು ಮಾಡಿಕೊಂಡಿರುವ ಜನ ಇವರು, ನೋಡಿದ್ದರಿಂದ ಹಾಳಾಯಿತು ಅಂತ ಇವರಿಗೆ ಹೊಳೆಯಬೇಕಾದರೆ ಒಂಬತ್ತು ವಾರ ಬೇಕಾಯಿತು. ಇಷ್ಟೆಲ್ಲ ಓದಿದವರಿಗೆ.

ಹಾಗಂತ ಇಬ್ಬರೂ ಕೈಕುಲುಕಲಿಲ್ಲ. ಇದು ಕಾರಣ ಅಂತ ಟಿಲ್‌ಮಾನ್ ಒಪ್ಪಲಿಲ್ಲ, ಕಾರಣ ಇರಬಹುದು ಅಂದ. ಪ್ರೊಫೆಸರ್ ಹೈಡೆನ್‌ರೈಶ್ ಗುರುವಾರ ಹಾಳೆಗಳನ್ನು ತಿರುವಿ, ತಮ್ಮ ಎರಡು ಸಲವನ್ನು ಕಂಡು ತುಟಿ ಬಿಗಿದರು. ಗುಡ್ರುನ್ ಕೇಳಿದ್ದು ಒಂದೇ. ಮುಂದಿನ ಮಂಗಳವಾರ ತಟ್ಟೆ ಇಡುತ್ತೇನೆ, ಬೀಗ ಹಾಕಿ, ಶುಕ್ರವಾರ ಬೆಳಗ್ಗೆ ತೆಗೆಯೋಣ, ಮಿಡಿಯದಿದ್ದರೆ ಅವತ್ತೇ ನೆಲಮಾಳಿಗೆಗೆ ಇಳಿಯುತ್ತೇನೆ, ಕರೆಯಲು ಯಾರೂ ಬರಬೇಕಾಗಿಲ್ಲ.

ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದಕ್ಕೆ ಅರ್ಧ ಗಂಟೆ ಚರ್ಚೆ. ಟಿಲ್‌ಮಾನ್ ಹತ್ತಿರವೇ ಇರಲಿ ಅಂದವರು ಗುಡ್ರುನ್. ವೀಬ್ಕೆಗೆ ಅರ್ಥವಾಗಲಿಲ್ಲ, ಆಮೇಲೆ ಕಾರಿಡಾರಿನಲ್ಲಿ ಹಿಡಿದು ಕೇಳಿದಳು.

"ದಡ್ಡಿ. ಬೇರೆ ಯಾರತ್ರ ಇದ್ರೂ, ಕೆಟ್ರೆ ಆತ ಅವರ ಮೇಲೆ ಹಾಕ್ತಾನೆ. ಅವನತ್ರಾನೇ ಇದ್ರೆ ಯಾರ ಮೇಲೆ ಹಾಕ್ತಾನೆ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾನೆ, ನೋಡ್ತಿರು."

ಟಿಲ್‌ಮಾನ್ ಕೂಡ ಕಡಿಮೆಯವನಲ್ಲ. ಗುಡ್ರುನ್ ಮೂರು ದಿನ ಕಟ್ಟಡದೊಳಗೆ ಕಾಲಿಡಬಾರದು ಅಂದ. ಮೊಟ್ಟೆಗಳನ್ನು ವೀಬ್ಕೆ ನೋಡಿಕೊಳ್ಳಲಿ ಅಂತಾಯಿತು.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಹನ್ನೆರಡು ಚೂರುಗಳು ಹನ್ನೆರಡು ತಟ್ಟೆಗಳಲ್ಲಿ ಇಳಿಯುತ್ತವೆ. ಚಿಮಟ ಹಿಡಿದ ಹೆಬ್ಬೆರಳನ್ನು ಮೂವರು ಸುತ್ತ ನಿಂತು ನೋಡುತ್ತಾರೆ. ಅದು ಅಲುಗುವುದಿಲ್ಲ. ಬಾಗಿಲಿಗೆ ಬೀಗ, ಬಾಗಿಲಿನ ಅಂಚಿಗೆ ಅಡ್ಡವಾಗಿ ಕಾಗದದ ಪಟ್ಟಿ, ಪಟ್ಟಿಯ ಮೇಲೆ ನಾಲ್ವರ ಸಹಿ. ಗುಡ್ರುನ್ ಕೋಟು ಹಾಕಿಕೊಂಡು ಬಸ್ಸು ಹತ್ತುತ್ತಾರೆ.

ಮೂರು ದಿನವನ್ನು ಅವರು ಊರಂಚಿನ ತಮ್ಮ ಪುಟ್ಟ ತೋಟದಲ್ಲಿ ಕಳೆದರು. ನೆಲ ಇನ್ನೂ ಹೆಪ್ಪುಗಟ್ಟಿತ್ತು, ಮಾಡಲು ಏನೂ ಇರಲಿಲ್ಲ. ಪ್ಲಮ್ ಮರದ ಕೊಂಬೆ ಕತ್ತರಿಸಿದರು, ಆಮೇಲೆ ಕತ್ತರಿಸಬಾರದಾಗಿದ್ದ ಎರಡು ಕೊಂಬೆಗಳನ್ನೂ ಕತ್ತರಿಸಿದರು. ಗುರುವಾರ ಮಧ್ಯಾಹ್ನ ಬಸ್ಸು ಹಿಡಿದು ಗುಡ್ಡದ ಬುಡದ ತಂಗುದಾಣದವರೆಗೂ ಬಂದರು. ಅಲ್ಲಿಂದ ಮೂರನೆಯ ಮಹಡಿಯ ತಮ್ಮ ಕೋಣೆಯ ಕಿಟಕಿ ಕಾಣುತ್ತದೆ. ಒಳಗೆ ಯಾರೋ ಓಡಾಡಿದ ಹಾಗಾಯಿತು. ಹತ್ತು ನಿಮಿಷ ನಿಂತಿದ್ದು, ವಾಪಸು ಬಸ್ಸು ಹತ್ತಿದರು. ಆ ಹತ್ತು ನಿಮಿಷ ಕಾರ್ಖಾನೆಯ ಮ್ಯಾನೇಜರನ ಮುಂದೆ ನಿಂತದ್ದಕ್ಕಿಂತ ಕಷ್ಟವಾಗಿತ್ತು ಅನ್ನುತ್ತಾರೆ.

ಶುಕ್ರವಾರ, ಇಪ್ಪತ್ತೆಂಟು. ಒಂಬತ್ತು ಗಂಟೆ. ಪಟ್ಟಿ ಹರಿದಿಲ್ಲ. ಆದರೂ ಟಿಲ್‌ಮಾನ್ ಕತ್ತರಿಸುವ ಮುಂಚೆ ಅದರ ಫೋಟೋ ತೆಗೆಯುತ್ತಾನೆ. ಗುಡ್ರುನ್ ಯಂತ್ರ ಬರೆದಿಟ್ಟ ಹಾಳೆ ಕೇಳುತ್ತಾರೆ. ಎಪ್ಪತ್ತೆರಡು ಗಂಟೆ, ಒಂದು ಸಲವೂ ತೆರೆದಿಲ್ಲ. ಆಮೇಲೆ ಬೀಗ.

ಮೈಕ್ರೋಸ್ಕೋಪಿಗೆ ಕಣ್ಣಿಡುವುದಕ್ಕೂ ಇಲ್ಲಿ ಅಂತಸ್ತಿದೆ. ಮೊದಲು ಪ್ರೊಫೆಸರ್, ಆಮೇಲೆ ಟಿಲ್‌ಮಾನ್, ಆಮೇಲೆ ವೀಬ್ಕೆ. ತಟ್ಟೆ ಮಾಡಿದವರು ಗೋಡೆಗೆ ಒರಗಿ ನಿಂತಿದ್ದಾರೆ. ಮೊದಲ ತಟ್ಟೆಯಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ನರಗಳು ಬಂದು ತಲುಪಿವೆ, 'ಆದರೆ ಸುಮ್ಮನಿವೆ' ಅನ್ನುತ್ತಾರೆ ಪ್ರೊಫೆಸರ್. ಮೂರನೆಯ ತಟ್ಟೆಯ ಮೇಲೆ ಅವರು ಬಹಳ ಹೊತ್ತು ಬಾಗಿರುತ್ತಾರೆ. ಟಿಲ್‌ಮಾನ್ ನೋಡುತ್ತಾನೆ, ಹಿಂದೆ ಸರಿಯುತ್ತಾನೆ. ವೀಬ್ಕೆ ಕಣ್ಣಿಟ್ಟವಳೇ ಪಿಸುಗುಟ್ಟುತ್ತಾಳೆ.

"ಮಿಡೀತಿದೆ."

ಹನ್ನೆರಡರಲ್ಲಿ ಎಂಟು ಮಿಡಿಯುತ್ತಿವೆ.

ಟಿಲ್‌ಮಾನ್ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಸ್ನಾಯು ನರದ ಮಾತಿಲ್ಲದೆ ತಾನೇ ತಾನಾಗಿ ಕುಣಿಯುವುದೂ ಉಂಟು ಅನ್ನುತ್ತಾನೆ. ಫ್ರಿಜ್ಜಿನಿಂದ ಒಂದು ಸೀಸೆ ತರುತ್ತಾನೆ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುವ ವಿಷದ ಜಾತಿಯದು, ಸ್ನಾಯುವಿನ ಕಿವಿ ಮುಚ್ಚಿಸುತ್ತದೆ. ಕಿವಿ ಮುಚ್ಚಿದ ಮೇಲೂ ಕುಣಿದರೆ ಅದು ಸ್ನಾಯುವಿನ ಸ್ವಂತ ಕುಣಿತ, ನಿಂತರೆ ನರ ಹೇಳಿ ಕುಣಿಸಿದ್ದು. ಒಂದು ಹನಿ ಬಿಡುತ್ತಾನೆ. ಮಿಡಿತ ನಿಲ್ಲುತ್ತದೆ. ತೊಳೆಯುತ್ತಾನೆ. ಕೆಲವು ನಿಮಿಷ ಎಲ್ಲರೂ ಗಡಿಯಾರ ನೋಡುತ್ತಾರೆ. ಮತ್ತೆ ಮಿಡಿಯುತ್ತದೆ.

"ಸರಿ," ಅನ್ನುತ್ತಾನೆ ಟಿಲ್‌ಮಾನ್. ಕುರ್ಚಿಯಿಂದ ಎದ್ದು ಅದನ್ನು ಗುಡ್ರುನ್ ಕಡೆ ತಳ್ಳುತ್ತಾನೆ. "ಒಂದು ವಾರದ್ದು ಸಾಕಾಗಲ್ಲ. ಇನ್ನೆರಡು ಸಲ ಹೀಗೇ ಆಗ್ಬೇಕು."

"ಮೂರು ಸಲ ಮಾಡೋಣ," ಅನ್ನುತ್ತಾರೆ ಗುಡ್ರುನ್.

ಅವರು ಕೂತು ನೋಡುತ್ತಾರೆ. ಬೆನ್ನುಹುರಿಯ ಚೂರಿನಿಂದ ಹೊರಟ ನರಗಳು ಸ್ನಾಯುವಿನ ಎಳೆಗಳ ಮೇಲೆ ಹರಡಿವೆ. ಕೆಲವು ಗುರಿ ತಪ್ಪಿ ಖಾಲಿ ಜಾಗದಲ್ಲಿ ಅಲೆದಿವೆ. ಒಂದು ಮಾತ್ರ ಎಳೆಯೊಂದರ ನಡುಬೆನ್ನಿಗೆ ತುದಿಯೂರಿದೆ. ಆ ಎಳೆ ಸುಮ್ಮನಿರುತ್ತದೆ, ಸುಮ್ಮನಿರುತ್ತದೆ, ಆಮೇಲೆ ನಿದ್ದೆಯಲ್ಲಿ ಕಾಲು ಸೆಳೆದುಕೊಂಡ ಹಾಗೆ ಒಮ್ಮೆ ಸೆಳೆಯುತ್ತದೆ. ಗುಡ್ರುನ್ ಒಂದು ನಿಮಿಷ ನೋಡಿ ಎದ್ದುಬಿಡುತ್ತಾರೆ. ಇನ್ನಷ್ಟು ನೋಡಿದರೆ ತಟ್ಟೆ ತಣ್ಣಗಾಗುತ್ತದೆ.

ಕೋಣೆ ಸದ್ಯಕ್ಕೆ ಅವರದೇ ಅಂತ ಪ್ರೊಫೆಸರ್ ಹೈಡೆನ್‌ರೈಶ್ ಹೇಳುತ್ತಾರೆ. 'ಸದ್ಯಕ್ಕೆ' ಅನ್ನುವುದು ಎಲ್ಲರ ಕಿವಿಗೂ ಬೀಳುತ್ತದೆ. ನೆಲಮಾಳಿಗೆಯ ಮಾತು ಬರುವುದಿಲ್ಲ, ಒಂಬತ್ತು ವಾರದ ಬಗ್ಗೆ ಯಾರೂ ಕ್ಷಮೆ ಕೇಳುವುದಿಲ್ಲ. ಮುಂದಿನ ಲೇಖನದ ಕೊನೆಗೆ, ನೆರವಾದವರ ಸಾಲಿನಲ್ಲಿ, ಗುಡ್ರುನ್ ಹೆಸರು ಹಾಕಬಹುದು ಅನ್ನುತ್ತಾರೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಅದನ್ನು ಹೇಳುವಾಗ ಪ್ರೊಫೆಸರ್ ಮುಖದಲ್ಲಿ ದಾನ ಕೊಟ್ಟವರ ಕಳೆ ಇದೆ.

ಗುಡ್ರುನ್ ಕೈಗವಸು ಬಿಚ್ಚಿ ಬಕೆಟ್ಟಿಗೆ ಹಾಕುತ್ತಾರೆ. ಹೆಸರು ಬೇಕಿಲ್ಲ ಅನ್ನುತ್ತಾರೆ. ಬೇರೆ ಒಂದು ಬೇಕು.

"ತಟ್ಟೆ ಹೇಗೆ ಮಾಡಿದ್ವಿ ಅಂತ ಬರೀತೀರಲ್ಲ, ಅಲ್ಲಿ ಒಂದು ಸಾಲು ಹಾಕಿ. ಬೆನ್ನುಹುರಿ ಚೂರು ಇಟ್ಟ ಮೇಲೆ ಎಪ್ಪತ್ತೆರಡು ಗಂಟೆ ಯಾರೂ ಬಾಗಿಲು ತೆಗೀಬಾರ್ದು, ಮಾಡಿದೋರೂ ತೆಗೀಬಾರ್ದು ಅಂತ. ಬೇರೆ ಊರಲ್ಲೂ ನನ್ನ ಥರ ಒಬ್ಬಳು ಇರ್ತಾಳೆ. ಅವಳ ಕೈ ನಡುಗುತ್ತೆ ಅಂತ ಯಾರೋ ಅಂತಿರ್ತಾರೆ."

ಪ್ರೊಫೆಸರ್ ತಲೆಯಾಡಿಸುತ್ತಾರೆ. ಖಂಡಿತ ಹಾಕೋಣ ಅನ್ನುತ್ತಾರೆ.

"ಅಚ್ಚಿಗೆ ಹೋಗೋ ಮುಂಚೆ ಒಂದ್ಸಲ ನಂಗೆ ತೋರ್ಸಿ," ಅನ್ನುತ್ತಾರೆ ಗುಡ್ರುನ್, ಹನ್ನೆರಡು ತಟ್ಟೆಗಳ ಟ್ರೇ ಎತ್ತಿಕೊಳ್ಳುತ್ತಾ. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ." ಬಾಗಿಲ ಹತ್ತಿರ ನಿಂತು ಒಂದು ಕ್ಷಣ ಯೋಚಿಸುತ್ತಾರೆ. "ಇಲ್ಲ ಅಂತಾನೇ ಇಟ್ಕೊಳ್ಳಿ, ಪ್ರೊಫೆಸರ್."